ಮೋಟಾರಿಗೆ ನೌಬಾದದ ನೀರು

ಈಗಿನ ಮೋಟಾರುಗಳಿಗೆ ಅಂಗಡಿಯಲ್ಲಿ ಬಣ್ಣದ ನೀರು ಸಿಗುತ್ತದಂತೆ. ಎಂಜಿನ್ ತಂಪಾಗಿರಲೆಂದು ಅದನ್ನು ಹಾಕುತ್ತಾರಂತೆ, ಯಾವ ಗಾಡಿಗೆ ಯಾವ ಬಣ್ಣದ್ದು ಎಂದು ಗಂಡಸರು ಕೂತು ವಾದ ಮಾಡುತ್ತಾರಂತೆ. ಮಾಡಲಿ. ನಮ್ಮ ಕಾಲದಲ್ಲೂ ವಾದವಿತ್ತು, ಬಣ್ಣ ಮಾತ್ರ ಇರಲಿಲ್ಲ. ಹಳೆಯ ಮೋಟಾರಿಗೆ ಯಾವ ಬಾವಿಯ ನೀರು ಎಂಬ ಒಂದೇ ಮಾತಿಗೆ ಭಾಲ್ಕಿಯ ನಮ್ಮ ಮನೆಯ ಕಟ್ಟೆಯ ಮೇಲೆ ನಡೆದ ಜಗಳಗಳನ್ನು ನಾನು ಒಳಗಿನಿಂದ, ಬಾಗಿಲ ಸಂದಿಗೆ ಕಿವಿ ಕೊಟ್ಟು ಕೇಳಿದ್ದೇನೆ. ಆ ನೀರಿನಲ್ಲಿ ನನಗೂ ಒಂದು ಪಾಲಿತ್ತು. ಅದು ಯಾರಿಗೂ ಗೊತ್ತಿಲ್ಲ ಎಂದು ನಾನು ತಿಳಿದಿದ್ದೆ.

ನಿಜಾಮರ ಕಾಲ. ನಾನು ನೌಬಾದದ ಮಗಳು, ಭಾಲ್ಕಿಯ ಸೊಸೆ. ಮಾವನದು ತೊಗರಿ, ಕಡಲೆಯ ವ್ಯಾಪಾರ. ಹೈದರಾಬಾದಿನ ಯಾವುದೋ ದೊಡ್ಡ ಮನೆಯಲ್ಲಿ ಓಡಿ ಓಡಿ ದಣಿದಿದ್ದ ಒಂದು ಮೋಟಾರನ್ನು ಅವರು ಕೊಂಡು ತಂದಿದ್ದರು. ಮುಂದೆ ಹಿತ್ತಾಳೆಯ ದೊಡ್ಡ ಮೂತಿ, ಮೇಲೆ ಬಟ್ಟೆಯ ಮಾಡು, ಎರಡೂ ಪಕ್ಕ ಕಾಲಿಡುವ ಹಲಗೆ. ಅದನ್ನು ನಿಲ್ಲಿಸಲು ಎತ್ತಿನ ಕೊಟ್ಟಿಗೆ ಖಾಲಿಯಾಯಿತು, ಎತ್ತುಗಳು ಅಂಗಳಕ್ಕೆ ಬಂದವು. ಅತ್ತೆಗೆ ಅದು ಸರಿಬರಲಿಲ್ಲ.

"ಎತ್ತಿಗಿ ನೀರು ಕುಡಿಸಿದ್ರ ಸಗಣಿನಾದ್ರೂ ಹಾಕ್ತದ. ಇದು ಏನು ಹಾಕ್ತದರಿ?" ಎಂದು ಮಾವನನ್ನು ಕೇಳಿದರು.

ಮೋಟಾರಿನ ಜೊತೆ ಡ್ರೈವರನೂ ಬಂದ. ಬೀದರಿನ ಹಳೇ ಊರಿನವನು, ಮಾವನ ವಾರಿಗೆಯವನು, ಮನೆಯಲ್ಲಿ ದಖನಿ ಮಾತು, ನಮ್ಮೊಡನೆ ಕನ್ನಡ. ಬಂದ ದಿನವೇ ನಮ್ಮ ಬಾವಿಯ ನೀರನ್ನು ಬಾಯಿಗೆ ಹಾಕಿ ಪುಚಕ್ಕನೆ ಉಗುಳಿದ. ಅತ್ತೆ ಅದನ್ನು ಕಿಟಕಿಯಿಂದ ನೋಡಿದರು. ಅವನ ಗ್ರಹಚಾರ ಅಂದಿನಿಂದಲೇ ಶುರುವಾಯಿತು.

ಅವನದೂ ತಪ್ಪಲ್ಲ. ಭಾಲ್ಕಿ ಕರಿಮಣ್ಣಿನ ಊರು, ನಮ್ಮ ಬಾವಿಯ ನೀರು ಸವಳು. ಅದರಲ್ಲಿ ತೊಗರಿಬೇಳೆ ಹಾಕಿದರೆ ಕಟ್ಟಿಗೆ ಮುಗಿದರೂ ಬೇಳೆ ಬೇಯುತ್ತಿರಲಿಲ್ಲ. ಬಚ್ಚಲಿನ ಹಂಡೆಯ ಒಳಗೆ ಸುಣ್ಣದ ಹಕ್ಕಳೆ ಕಟ್ಟುತ್ತಿತ್ತು, ಹುಣಸೆಹುಳಿ ಹಚ್ಚಿ ತಿಕ್ಕಿ ತಿಕ್ಕಿ ನನ್ನ ಉಗುರು ಸವೆದಿದ್ದವು. ಬೀದರಿನದು ಕೆಂಪುಕಲ್ಲಿನ ನೆಲ. ಅದರಲ್ಲೂ ನಮ್ಮ ನೌಬಾದದಲ್ಲಿ ನೆಲದೊಳಗಿನ ಸುರಂಗದಿಂದ ಹರಿದುಬರುವ ನೀರು. ಅದರಲ್ಲಿ ಬೇಳೆ ಒಂದು ಕುದಿಗೆ ಬೆಣ್ಣೆಯಾಗುತ್ತದೆ. ಕುಡಿದರೆ ಗಂಟಲಿನಲ್ಲಿ ಏನೋ ಇಳಿಯಿತು ಎಂದೇ ಅನ್ನಿಸುವುದಿಲ್ಲ.

ಡ್ರೈವರ ಮಾವನನ್ನು ಕರೆದು, ಬಿಸಿಯಾಗಿದ್ದ ಎಂಜಿನ್ನಿನ ಮೇಲೆ ಎರಡೂ ನೀರಿನ ಒಂದೊಂದು ಹನಿ ಬಿಟ್ಟು ತೋರಿಸಿದ. ಬೀದರಿನ ಹನಿ ಆರಿ ಮಾಯವಾಯಿತು. ನಮ್ಮ ಬಾವಿಯದು ಬಿಳಿ ಉಂಗುರ ಬಿಟ್ಟು ಹೋಯಿತು.

"ಸಾವ್ಕಾರ್ರ, ಈ ಗಾಡಿ ಮುದುಕ ಅದರಿ. ಹೊಸಾದು ಇದ್ರ ಏನು ಕುಡಿಸಿದ್ರೂ ಕುಡೀತದ. ಇದಕ್ಕ ಬ್ಯಾಳಿ ಬೇಯೋ ನೀರೇ ಬೇಕು. ಇಲ್ಲಾಂದ್ರ ಒಳಗಿನ ನಳಿಗಿ ಎಲ್ಲಾ ಕಟ್ಕೊಂಡು ಹೋಗ್ತಾವ."

ಕಟ್ಟೆಯ ಮೇಲೆ ಪಂಚಾಯಿತಿ ಸೇರಿತು. ಔರಾದದ ನಮ್ಮ ಬೀಗರು ಹೊಳೆಯ ನೀರೇ ಲೇಸು ಅಂದರು. ಹೈದರಾಬಾದು ನೋಡಿ ಬಂದ ಒಬ್ಬರು ಔಷಧದ ಅಂಗಡಿಯ ಬಟ್ಟಿ ಇಳಿಸಿದ ನೀರೇ ಆಗಬೇಕು ಅಂದರು. ಅತ್ತೆ ಒಳಗಿನಿಂದಲೇ ತೀರ್ಪು ಕೊಟ್ಟರು: "ಐನೋರು ಬಂದ್ರ ಇದೇ ಬಾವಿ ನೀರಿನಾಗ ಪೂಜಿ ಮಾಡ್ತಾರ. ದೇವರಿಗಿ ನಡೀತದ, ಮೋಟಾರಿಗಿ ನಡೆಯಂಗಿಲ್ಲೇನು?" ಕಡೆಗೆ ಮಾವ ಡ್ರೈವರನ ಮಾತನ್ನೇ ಒಪ್ಪಿದರು. ವಾರಕ್ಕೊಮ್ಮೆ ಬೀದರಿನ ಪೇಟೆಗೆ ಹೋಗುವುದು ಇದ್ದೇ ಇತ್ತು. ಬರುವ ದಾರಿಯಲ್ಲಿ ನೌಬಾದದ ನನ್ನ ತವರಿನ ಅಂಗಳದಲ್ಲಿ ಮೋಟಾರು ನಿಲ್ಲಿಸಿ, ತೊಳೆದ ಚಿಮಣಿ ಎಣ್ಣೆಯ ಡಬ್ಬಿಗಳಲ್ಲಿ ನೀರು ತುಂಬಿಕೊಂಡು ಬರುವುದು ಎಂದಾಯಿತು. ನೀರು ಸೇದಿ ತುಂಬಿಸಿ ಕೊಡುತ್ತಿದ್ದವಳು ನನ್ನ ಅವ್ವ.

ನನ್ನ ಪಾಲು ಇಲ್ಲಿ ಬಂತು. ಭಾಲ್ಕಿಯ ನೀರು ನನ್ನ ಗಂಟಲಿಗೆ ಇಳಿಯುತ್ತಿರಲಿಲ್ಲ. ಇದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಸೊಸೆಗೆ ಮನೆಯ ನೀರು ಒಗ್ಗಲಿಲ್ಲ ಅಂದರೆ ಮನೆಯೇ ಒಗ್ಗಲಿಲ್ಲ ಎಂದು ಅರ್ಥ. ಅಡಿಗೆಯ ಖಾರಕ್ಕೆ ಬೇಕಾದಷ್ಟೇ ಕುಡಿದು ದಿನ ತಳ್ಳುತ್ತಿದ್ದೆ, ಒಣಗಿ ಕಡ್ಡಿಯಾಗಿದ್ದೆ. ಡಬ್ಬಿಗಳು ಬರತೊಡಗಿದ ಮೇಲೆ, ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ತಂಬಿಗೆ ಹಿಡಿದು ಕೊಟ್ಟಿಗೆಗೆ ಹೋಗುತ್ತಿದ್ದೆ. ಬಂದ ಡಬ್ಬಿಗಳಲ್ಲಿ ಒಂದಕ್ಕೆ ಯಾವಾಗಲೂ ಬಾಯಿಗೆ ಬಿಳಿ ಬಟ್ಟೆ ಕಟ್ಟಿರುತ್ತಿತ್ತು. ಕಸ ಬೀಳದೆ ಚೊಕ್ಕವಿದೆ ಎಂದು ನಾನು ಅದರಿಂದಲೇ ಕುಡಿಯುತ್ತಿದ್ದೆ. ಡ್ರೈವರ ಹೊರಗೆ ಬೇವಿನ ಗಿಡದ ಕೆಳಗೆ ಮಲಗಿರುತ್ತಿದ್ದ. ಮೋಟಾರಿನ ಬಾಯಿಂದ ಕದ್ದು ಕುಡಿಯುವ ಸೊಸೆ ನಿಜಾಮರ ಈ ಮೊಗಲಾಯಿಯಲ್ಲಿ ನಾನೊಬ್ಬಳೇ ಇರಬೇಕು ಎಂದು ನಗು ಬರುತ್ತಿತ್ತು. ಕುಡಿದ ಮೇಲೆ ಅಳುವೂ ಬರುತ್ತಿತ್ತು.

ಆ ಮನೆಯ ಇನ್ನೊಂದು ರೂಢಿಯನ್ನೂ ಹೇಳಬೇಕು. ಅಲ್ಲಿ ನಿನ್ನೆಯ ನೀರು ಇಂದಿಗೆ ಉಳಿಯುವಂತಿರಲಿಲ್ಲ. ಮಾವ ನಸುಕಿನಲ್ಲಿ ಎದ್ದು, ಸ್ನಾನ ಮಾಡಿ, ಒದ್ದೆ ಧೋತರದಲ್ಲೇ ಪೂಜೆಯ ನೀರು ಸೇದುತ್ತಿದ್ದರು. ಅಷ್ಟರೊಳಗೆ ಕೊಡ, ಬಿಂದಿಗೆ, ತಂಬಿಗೆ, ಎಲ್ಲವೂ ಬರಿದಾಗಿ ಬೋರಲು ಬಿದ್ದಿರಬೇಕು. "ನಿನ್ನಿ ನೀರು ಸತ್ತ ನೀರು" ಎಂಬುದು ಅವರ ಮಾತು. ಮಾವ ಒಳ್ಳೆಯವರು. ಒಳ್ಳೆಯವರ ಕಾಟ ತುಸು ಹೆಚ್ಚೇ ಇರುತ್ತದೆ. ಅವರಿಗೂ ನನಗೂ ಮಾತಿರಲಿಲ್ಲ. ಸೊಸೆ ಮಾವನ ಎದುರು ದನಿ ತೆಗೆಯುವ ರೂಢಿ ಅಲ್ಲಿ ಇರಲಿಲ್ಲ. ನಾನು ಹೇಳಬೇಕಾದ್ದನ್ನು ಅತ್ತೆಗೆ ಹೇಳಬೇಕು, ಮಾವ ನನಗೆ ಹೇಳಬೇಕಾದ್ದನ್ನು ಗೋಡೆಗೆ ಹೇಳುತ್ತಿದ್ದರು. ಮದುವೆಯಾಗಿ ಬಂದಂದಿನಿಂದ ಹಾಗೆಯೇ ನಡೆದಿತ್ತು.

ಅಷ್ಟು ಜೋಪಾನ ಮಾಡಿದರೂ ಮೋಟಾರು ದಿನದಿಂದ ದಿನಕ್ಕೆ ಕಾಯತೊಡಗಿತು. ಮೊದಲು ಬೀದರಿಗೆ ಹೋಗಿಬಂದರೆ ಬೆಚ್ಚಗಾಗುತ್ತಿದ್ದದ್ದು ಈಗ ಅರ್ಧ ದಾರಿಯಲ್ಲೇ ಮೂತಿಯಿಂದ ಹೊಗೆ ಬಿಡುತ್ತಿತ್ತು. ಕೆಳಗೆ ಹನಿ ಹನಿ ಸೋರಲೂ ಶುರುವಾಯಿತು. ಮಾವ ಡ್ರೈವರನ ಮೇಲೆ ಹಾಯ್ದರು.

"ನಿನ್ನ ನೌಬಾದದ ನೀರೇ ಖೊಟ್ಟಿ. ಮುಂದಿನ ವಾರದಿಂದ ಡಬ್ಬಿ ತರೋದು ಬ್ಯಾಡ."

"ನೀರು ಖೊಟ್ಟಿ ಅಲ್ಲರಿ. ಬ್ಯಾರೆ ಏನೋ ಅದ. ನಂಗ ತಿಳೀವಲ್ದು," ಅಂದ ಡ್ರೈವರ. ಅವನ ಮುಖ ಸೋತಿತ್ತು.

ಬಾಗಿಲ ಸಂದಿಯಲ್ಲಿ ನಿಂತು ಇದನ್ನು ಕೇಳಿದೆ. ಡಬ್ಬಿ ನಿಂತರೆ ತವರಿನ ಎಳೆಯೇ ಕಡಿದ ಹಾಗೆ. ಇನ್ನೊಂದು ಸಂಗತಿಯೂ ಮನಸ್ಸಿಗೆ ಕೊರೆಯುತ್ತಿತ್ತು. ಕಡೆಯ ಕೆಲವು ವಾರ ಆ ಬಿಳಿ ಬಟ್ಟೆಯ ಗಂಟು ಸಡಿಲವಾಗಿ ಬರುತ್ತಿತ್ತು. ಅವ್ವನದು ಬಿಗಿ ಕೈ. ಅವಳು ಹಾಕಿದ ಗಂಟನ್ನು ಬಿಚ್ಚಲು ನಾನು ಹೆಣಗಬೇಕಿತ್ತು, ಈಗ ಎಳೆದರೆ ಬರುತ್ತಿತ್ತು.

ಬೇಸಿಗೆ. ಔರಾದದಲ್ಲಿ ಬಸುರಿ ನಾದಿನಿಯ ಕುಬಸ, ಸೀಮಂತ. ನನ್ನ ಗಂಡ ವ್ಯಾಪಾರಕ್ಕೆಂದು ಹೈದರಾಬಾದಿಗೆ ಹೋಗಿದ್ದರು, ಹಾಗಾಗಿ ಅತ್ತೆ, ಮಾವ, ನಾನು ಮೋಟಾರಿನಲ್ಲಿ ಹೋಗಿದ್ದೆವು. ಕಾಲಿಡುವ ಹಲಗೆಯ ಮೇಲೆ ಹಗ್ಗದಿಂದ ಬಿಗಿದ ಮೂರು ಡಬ್ಬಿ, ಅವುಗಳಲ್ಲಿ ಬಟ್ಟೆ ಕಟ್ಟಿದ್ದೂ ಒಂದು. ಕುಬಸ ಮುಗಿದ ಮರುದಿನ ಊಟದ ಹೊತ್ತಿಗೆ, ಬೀದರಿನಿಂದ ಸೈಕಲ್ ತುಳಿದುಕೊಂಡು ಒಬ್ಬ ಬಂದ. ನನ್ನ ಅಣ್ಣ ಕಳಿಸಿದವನು. ಬೆವರು ಒರೆಸಿಕೊಳ್ಳದೆ ನಿಂತಲ್ಲೇ ಹೇಳಿದ.

"ನೌಬಾದದ ಅವ್ವಗ ಭಾಳ ಆಗ್ಯಾದರಿ. ನಿನ್ನಿಯಿಂದ ಮಗಳ ಹೆಸರೇ ಹಿಡಿದಾಳ. ಬಾಯಿಗಿ ನೀರು ಬಿಡಬೇಕಂದ್ರ ಈಗಿಂದೀಗ ಹೊರಡ್ರಿ."

ಅವ್ವಗೆ ನಾನೊಬ್ಬಳೇ ಮಗಳು. ಹೋಗುವ ಜೀವದ ಬಾಯಿಗೆ ಮಗಳ ಕೈಯಿಂದ ನೀರು ಬೀಳಬೇಕು ಎಂಬುದು ನಮ್ಮ ಮನೆಯ ನಂಬಿಕೆ. ಅವ್ವ ತನ್ನ ಅವ್ವಗೆ ಬಿಟ್ಟದ್ದನ್ನು ನಾನು ಚಿಕ್ಕವಳಿದ್ದಾಗ ಕಣ್ಣಾರೆ ಕಂಡಿದ್ದೆ. ಮಾವ ಉಣ್ಣುತ್ತಿದ್ದ ತಾಟನ್ನು ಸರಿಸಿ ಎದ್ದರು. "ಮೋಟಾರು ಹೊರಡಸು," ಎಂದು ಡ್ರೈವರನಿಗೆ ಕೂಗಿದ ದನಿ ಬೀದಿಯ ಆಚೆಗೂ ಕೇಳಿರಬೇಕು. ಮಾವ ಮುಂದೆ ಕೂತರು, ಅತ್ತೆ ನನ್ನ ಕೈ ಹಿಡಿದು ಹಿಂದೆ ಕೂತರು.

ಕರಿಮಣ್ಣಿನ ದಾರಿ ಬಿಸಿಲಿಗೆ ಬಿರುಕು ಬಿಟ್ಟಿತ್ತು. ಚಕ್ಕಡಿಯ ಗಾಲಿಗಳು ಕೊರೆದ ತಗ್ಗಿನಲ್ಲಿ ಮೋಟಾರು ಏಳುತ್ತ ಬೀಳುತ್ತ ಓಡಿತು. ಔರಾದ ಕಣ್ಮರೆಯಾಗಿ ಬಹಳ ದೂರ ಬಂದಿರಲಿಲ್ಲ, ಮೂತಿಯೊಳಗೆ ಗುಳುಗುಳು ಶುರುವಾಯಿತು. ಸ್ವಲ್ಪ ಹೊತ್ತಿಗೆ ಮುಚ್ಚಳದ ಸಂದಿಯಿಂದ ಬಿಳಿ ಹಬೆ ಸುಯ್ಯೆಂದು ಎದ್ದು ನಮ್ಮ ಮುಖಕ್ಕೇ ಬಡಿಯಿತು. ಡ್ರೈವರ ನಿಲ್ಲಿಸಿದ. ಮಾವ ಕೆಳಗೆ ಹಾರಿ, ಒಂದು ಡಬ್ಬಿಯನ್ನು ಬಿಚ್ಚಿ, ತಂಬಿಗೆ ತುಂಬಿಕೊಂಡು ಮುಚ್ಚಳದ ಕಡೆ ನಡೆದರು. ಡ್ರೈವರ ಓಡಿಬಂದು ಅವರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದ. ಮಾವನನ್ನು ಹಾಗೆ ಹಿಡಿದವರನ್ನು ನಾನು ಕಂಡಿರಲಿಲ್ಲ.

"ನಕೋ ಸಾವ್ಕಾರ್ರ! ಕಾದ ಎಂಜಿನ್ನಿಗಿ ತಣ್ಣನ ನೀರು ಬಿದ್ರ ಒಡದೇ ಹೋಗ್ತದ. ಆಮ್ಯಾಲ ಎಲ್ಲರೂ ನಡ್ಕೊಂಡೇ ಹೋಗಬೇಕು."

"ಕೈ ಬಿಡು."

"ತಂಬಿಗಿ ಕೆಳಗ ಇಡ್ರಿ, ಬಿಡ್ತೀನಿ."

ಮಾವ ತಂಬಿಗೆ ಇಟ್ಟರು. ಆಮೇಲೆ ಕಾಯುವ ಕೆಲಸ. ಮೋಟಾರು ಆರುವವರೆಗೆ ಕಾಯಬೇಕು, ಬೇರೆ ದಾರಿಯಿಲ್ಲ. ಗಿಡವಿಲ್ಲದ ಬಯಲು. ಡ್ರೈವರ ಎಂಜಿನ್ನಿನ ಮೇಲೆ ಅಂಗೈ ಇಡುವುದು, ತೆಗೆಯುವುದು, ಮತ್ತೆ ಇಡುವುದು. ಒಂದು ಎತ್ತಿನ ಬಂಡಿ ನಮ್ಮನ್ನು ದಾಟಿ, ಬೀದರಿನ ಕಡೆಗೆ, ಯಾವ ಅವಸರವೂ ಇಲ್ಲದೆ ಹೋಯಿತು. ಇಳಿದು ಹೋಗಿ ಅದರಲ್ಲಿ ಕೂತುಬಿಡಲೇ ಅನ್ನಿಸಿತು. ಅವ್ವ ಅಲ್ಲಿ ಬಾಯಿ ತೆರೆದುಕೊಂಡು ಬಾಗಿಲು ನೋಡುತ್ತಿದ್ದಾಳೆ, ನಾನು ಇಲ್ಲಿ ಒಂದು ಹಿತ್ತಾಳೆಯ ಮೂತಿ ತಣ್ಣಗಾಗಲೆಂದು ಕೂತಿದ್ದೇನೆ. ಆ ಮೋಟಾರಿಗೆ ಬೆಂಕಿ ಹಚ್ಚುವಷ್ಟು ಸಿಟ್ಟು ಬಂತು. ಅದೇ ಹೊತ್ತಿಗೆ ಅದು ಕೆಟ್ಟೀತೆಂದು ಅದಕ್ಕೇ ಕೈ ಮುಗಿಯಬೇಕೆಂದೂ ಅನ್ನಿಸಿತು.

ಮೊದಲ ಡಬ್ಬಿ ಅಲ್ಲಿಗೇ ಮುಗಿಯಿತು. ಮಾಂಜ್ರಾ ಹೊಳೆ ದಾಟುವಾಗ ನೀರು ಅಲ್ಲಲ್ಲಿ ಮಡುಗಟ್ಟಿ ನಿಂತಿತ್ತು. "ಈಗ ಆರಿಸೋ ಹೊತ್ತಲ್ಲ," ಎನ್ನುತ್ತ ಡ್ರೈವರ ಖಾಲಿ ಡಬ್ಬಿಗೆ ಅದನ್ನೇ ತುಂಬಿಕೊಂಡ. ಹೊಳೆ ದಾಟಿ ಬಯಲು ಮುಗಿಯುವುದರೊಳಗೆ ಮೋಟಾರು ಅದನ್ನೂ ಕುದಿಸಿ ಉಗುಳಿತು. ಎರಡನೆಯ ಡಬ್ಬಿ ಬಿಚ್ಚಿದಾಗ, ಎದುರಿಗೆ ಬೀದರಿನ ಏರು ಕಾಣುತ್ತಿತ್ತು, ಕೆಂಪುಕಲ್ಲಿನ ಗುಡ್ಡ, ಅದರ ತಲೆಯ ಮೇಲೆ ಕೋಟೆಯ ಗೋಡೆ. ಹೊತ್ತು ಆಗಲೇ ಇಳಿಮುಖವಾಗಿತ್ತು. ಏರಿನ ಬುಡ ಬಿಟ್ಟು ಮೊದಲ ತಿರುವು ದಾಟುವಷ್ಟರಲ್ಲಿ ಮುಚ್ಚಳವೇ ಹಾರಿ ಬಿತ್ತು.

ಈ ಸಲ ಡ್ರೈವರ ಮೋಟಾರಿನ ಕೆಳಗೆ ಹೊಕ್ಕ. ನೀರಿನ ತೊಟ್ಟಿಯನ್ನು ಅವನು ಟಾಕಿ ಎನ್ನುತ್ತಿದ್ದ. ಅದರ ತಳದಲ್ಲಿ ನೀರು ಬಸಿಯಲು ಒಂದು ಸಣ್ಣ ನಲ್ಲಿ ಇತ್ತು. ಅದನ್ನು ತಿರುಗಿಸಿದ. ನೀರು ಬರಲಿಲ್ಲ. ತಂತಿಯಿಂದ ಚುಚ್ಚಿದ. ಬೂದು ಬಣ್ಣದ ಲೋಳೆ, ಅದರೊಡನೆ ಬಿಳಿ ಹಕ್ಕಳೆಗಳು ಕಿತ್ತುಬಂದು ಅವನ ಅಂಗೈ ಮೇಲೆ ಬಿದ್ದವು. ಆ ಹಕ್ಕಳೆಯನ್ನು ನಾನು ದೂರದಿಂದಲೇ ಗುರುತಿಸಿದೆ. ನನ್ನ ಉಗುರು ಸವೆಸಿದ ಹಂಡೆಯದೇ ಅದು.

"ಇದು ನೌಬಾದದ ನೀರಲ್ಲ," ಅಂದ ಡ್ರೈವರ. "ಯಾರು ಹಾಕ್ಯಾರ ಇದನ್ನ?"

"ನಾನೇ," ಅಂದರು ಮಾವ. ಅವರ ದನಿಯಲ್ಲಿ ಅಳುಕಿರಲಿಲ್ಲ. "ದಿನಾ ನಸುಕಿನಾಗ ನಾನೇ ನಿನ್ನಿ ನೀರು ಬಿಟ್ಟು, ನಮ್ಮ ಬಾವಿದು ತಾಜಾ ತುಂಬ್ತೀನಿ. ಪೂಜಿ ನೀರು ಸೇದಿದ ಮ್ಯಾಲ ಮೊದಲನೇ ಕೊಡ ಇದಕ್ಕೇ. ಇವತ್ತೂ ಬೀಗರ ಬಾವಿದು ತುಂಬೀನಿ. ಸತ್ತ ನೀರಿನ ಮ್ಯಾಲ ನನ್ನ ಮಂದಿನ್ನ ಹ್ಯಾಂಗ ಕೂಡಿಸಲಿ?"

ಡ್ರೈವರ ಅಲ್ಲೇ ನೆಲಕ್ಕೆ ಕೂತ. ಸಂಜೆ ಗಾಡಿ ನಿಲ್ಲಿಸುವಾಗ ಅವನು ನೌಬಾದದ ನೀರು ತುಂಬಿಟ್ಟು ಹೋಗುವುದು, ನಸುಕಿನಲ್ಲಿ ಇವರು ಅದನ್ನು ಚೆಲ್ಲಿ ಸವಳು ತುಂಬುವುದು, ತಿಂಗಳುಗಟ್ಟಲೆ ಹೀಗೇ ನಡೆದಿತ್ತು. ದಿನಾ ತಿರುಗಿಸಿ ತಿರುಗಿಸಿ ನಲ್ಲಿ ಸವೆದು ಸೋರತೊಡಗಿತ್ತು.

"ಹಳೇ ನೀರೇ ಒಳ್ಳೇದ್ರಿ ಇದಕ್ಕ! ಅದರಾಗಿನ ಸುಣ್ಣ ಎಲ್ಲಾ ಒಂದೇ ಸಲ ಇಳೀತದ, ಮುಗೀತದ. ದಿನಾ ಹೊಸಾದು ಹಾಕಿದ್ರ ದಿನಾ ಹೊಸಾ ಸುಣ್ಣ!"

"ಮತ್ತ ಈ ಲೋಳಿ ಏನು? ಇದೂ ನನ್ನ ಬಾವಿದೇನು?" ಮಾವ ಬಗ್ಗಿ ಮೂಸಿದರು.

ಡ್ರೈವರ ತಲೆ ತಗ್ಗಿಸಿದ. "ಅಗಸಿ ಹಿಟ್ಟು. ಟಾಕಿ ತೂತು ಬಿದ್ದದಂತ ತಿಳ್ಕೊಂಡೆ. ಸೋರೋದು ನಿಲ್ಲಲಿ ಅಂತ ನಾನೇ ಹಾಕಿದ್ದೆ. ನಿಮಗ ಹೇಳಲಿಲ್ಲ."

"ಉಪ್ಪು ಖಾರ ಕೂಡಿಸಿ ಹಿಂಡಿ ಮಾಡಿ ಹಾಕಬೇಕಿತ್ತು. ರುಚಿನಾದ್ರೂ ಇರ್ತಿತ್ತು," ಅಂದರು ಅತ್ತೆ ಹಿಂದಿನಿಂದ.

ಯಾರೂ ನಗಲಿಲ್ಲ. ಇಬ್ಬರೂ ಗಂಡಸರು ಒಬ್ಬರ ಹಿಂದೆ ಒಬ್ಬರು, ಮೋಟಾರಿಗೆ ಒಳ್ಳೆಯದಾಗಲಿ ಎಂದು, ಅದರ ಗಂಟಲು ಕಟ್ಟಿದ್ದರು. ನನ್ನ ಅವ್ವ ಈ ಗುಡ್ಡದ ಮೇಲೆ ಸಾಯುತ್ತಿದ್ದಾಳೆ, ಇವರು ಲೋಳೆ ಮೂಸುತ್ತಿದ್ದಾರೆ. ಇಬ್ಬರನ್ನೂ ಹಿಡಿದು ಬಡಿಯಬೇಕು ಅನ್ನಿಸಿತು. ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಡ್ರೈವರ ಮತ್ತೆ ಕೆಳಗೆ ಹೊಕ್ಕು, ತಂತಿಯಿಂದ ಕೆದರಿ, ಸಿಕ್ಕಷ್ಟು ಹಕ್ಕಳೆ ತೆಗೆದು, ನಲ್ಲಿಗೆ ಬಟ್ಟೆ ಸುತ್ತಿ ಬಿಗಿದ. "ನಳಿಗಿ ತುಸು ಬಾಯಿ ಬಿಟ್ಟಾವ. ಈಗ ಟಾಕಿ ತುಂಬಿದ್ರ ಏರು ಹತ್ತಿ ಊರು ಮುಟ್ಟಬಹುದು," ಅಂದ. ಎರಡನೆಯ ಡಬ್ಬಿಯ ತಳದಲ್ಲಿ ಉಳಿದದ್ದನ್ನು ಸುರಿದರೆ ಟಾಕಿಯ ತಳವೂ ಮುಚ್ಚಲಿಲ್ಲ. ಕೆಳಗೆ ಹೊಳೆ ದೂರವಾಗಿತ್ತು. ಮೇಲೆ ಬಾವಿಯಿರುವುದು ಏರು ಮುಗಿದ ಮೇಲೆಯೇ.

"ಇನ್ನೊಂದು ಡಬ್ಬಿ ಅದಲ್ಲ," ಅಂದರು ಮಾವ, ಹಲಗೆಯ ಮೇಲಿನ ಬಿಳಿ ಬಟ್ಟೆಯ ಡಬ್ಬಿಗೆ ಕೈ ಮಾಡಿ. "ಅದನ್ನ ಹಾಕು."

ಡ್ರೈವರ ಅಲುಗಲಿಲ್ಲ. "ಇದು ಗಾಡಿದಲ್ಲರಿ," ಅಂದ.

"ಮೋಟಾರಿನ ಮ್ಯಾಲಿನ ಡಬ್ಬಿ ಗಾಡಿದಲ್ಲಂದ್ರ ಮತ್ಯಾರದು?"

ಅವನು ಚಕ್ರ ನೋಡಿದ, ಕೋಟೆ ನೋಡಿದ, ಕಡೆಗೆ ಒಂದು ಗಳಿಗೆ ನನ್ನ ಕಡೆ ನೋಡಿ ಕಣ್ಣು ಇಳಿಸಿದ.

"ನೌಬಾದದ ಅವ್ವಾರು ಕೊಟ್ಟಿದ್ದು. ಮೊದಲನೇ ವಾರದಿಂದ ಕೊಡ್ಲತ್ತಾರ. ಸೋಸಿ, ತಾವೇ ಬಟ್ಟಿ ಕಟ್ತಾರ. 'ಇದು ಮೋಟಾರಿಗಿ ಅಲ್ಲಪಾ, ನನ್ನ ಮಗಳಿಗಿ. ಆಕಿಗಿ ಸವಳು ನೀರು ಇಳಿಯಂಗಿಲ್ಲ. ಬೀಗರಿಗಿ ಹೇಳಿದ್ರ ಅವರ ಮನಸ್ಸಿಗಿ ಹತ್ತತದ, ಆಕಿಗಿ ಹೇಳಿದ್ರ ಅಂಜಿ ಕುಡಿಯಂಗಿಲ್ಲ. ನೀ ಸುಮ್ಮ ಕೊಟ್ಟಿಗ್ಯಾಗ ಇಡು, ಆಕಿನೇ ಹುಡುಕ್ಕೊಂಡು ಬರ್ತಾಳ' ಅಂದಿದ್ರು. ನಾ ಹೊರಗ ಗಿಡದ ಕೆಳಗ ಕಣ್ಣು ಮುಚ್ಚಿ ಬೀಳ್ತಿದ್ದೆ, ಅಷ್ಟೇರಿ."

ನಾನು ಕದಿಯುತ್ತಿದ್ದೇನೆ ಎಂದು ತಿಳಿದು ಕುಡಿದ ಒಂದೊಂದು ತಂಬಿಗೆಯೂ ನನ್ನದೇ ಆಗಿತ್ತು. ಅವ್ವಗೆ ಎಲ್ಲ ಗೊತ್ತಿತ್ತು. ನಾನು ಬಾಯಿಬಿಟ್ಟು ಹೇಳದ್ದನ್ನು ಅವಳು, ನಾನು ಹಬ್ಬಕ್ಕೆ ತವರಿಗೆ ಹೋದಾಗ, ನನ್ನ ಒಣ ತುಟಿ ನೋಡಿಯೇ ತಿಳಿದುಕೊಂಡಿರಬೇಕು. ಕೈಯಲ್ಲಿ ಬಲ ಹೋದ ಮೇಲೂ, ಗಂಟು ಬಿಗಿಯಲು ಬಾರದಾದ ಮೇಲೂ, ಬಟ್ಟೆ ಕಟ್ಟಿ ಕಳಿಸಿದ್ದಳು.

ಅತ್ತೆ ನನ್ನ ಕೈ ಬಿಟ್ಟರು. ಮಾವನ ಮುಖ ಕಪ್ಪಿಟ್ಟಿತು. ಇನ್ನು ಇಲ್ಲೇ ರಾಮಾಯಣ ಶುರುವಾಗುತ್ತದೆ, ಹೊತ್ತು ಮುಳುಗುತ್ತದೆ ಎಂದುಕೊಂಡೆ. ಮಾವ ಖಾಲಿ ಡಬ್ಬಿಯನ್ನು ಹೆಗಲಿಗೇರಿಸಿಕೊಂಡು ಇಳಿಜಾರಿನ ಕಡೆ ತಿರುಗಿದರು.

"ತಾಯಿ ಮಗಳಿಗಿ ಕೊಟ್ಟ ನೀರು. ಅದನ್ನ ಮುಟ್ಟಬ್ಯಾಡ್ರಿ. ನಾ ಹೊಳೀದು ತರ್ತೀನಿ," ಎಂದು ರಸ್ತೆಯ ಕಲ್ಲಿಗೆ ಹೇಳಿದರು.

ಹೊಳೆಗೆ ಹೋಗಿ ಬರುವುದೆಂದರೆ ಕತ್ತಲಾಗುವುದೇ. ಅವರಿಗೂ ಗೊತ್ತಿತ್ತು. ಬೇರೆ ಏನೂ ತೋಚದೆ ನಡೆದುಬಿಟ್ಟಿದ್ದರು. ನಾನು ಮೋಟಾರಿನಿಂದ ಇಳಿದೆ. ಅತ್ತೆಯ ಮುಖ ನೋಡಲಿಲ್ಲ. ತಲೆಯ ಮೇಲಿನ ಸೆರಗು ಜಾರಿತ್ತು, ಸರಿ ಮಾಡಿಕೊಳ್ಳಲಿಲ್ಲ.

"ಮಾವಾ, ನಿಲ್ರಿ."

ಅವರು ನಿಂತರು. ನನ್ನ ದನಿಯನ್ನು ಅವರು ಕೇಳಿದ್ದು ಅದೇ ಮೊದಲು. ತಿರುಗಿ ನೋಡಲಿಲ್ಲ, ಬೆನ್ನಿನಿಂದಲೇ ಕೇಳಿಸಿಕೊಂಡರು.

"ನನಗ ಕುಡಿಲಿಕ್ಕ ಕೊಟ್ಟಾಳ, ಖರೆ. ನನಗ ಈಗ ಅದು ಟಾಕ್ಯಾಗೇ ಬೇಕು. ಹಾಕ್ರಿ. ಹೊತ್ತಾತು."

ಗಂಟನ್ನು ನಾನೇ ಬಿಚ್ಚಿದೆ. ಎಳೆದ ಕೂಡಲೇ ಬಂತು. ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಡ್ರೈವರ ಎಂಜಿನ್ನನ್ನು ಮುಟ್ಟಿ ನೋಡಿ, ತಂಬಿಗೆಯಿಂದ ಸ್ವಲ್ಪ ಸ್ವಲ್ಪವೇ, ತಡೆದು ತಡೆದು, ಕೂಸಿಗೆ ಹಾಲು ಹಾಕುವವನ ಹಾಗೆ ಸುರಿದ. ಮಾವ ತಿರುಗಿ ಬಂದು ಡಬ್ಬಿಯನ್ನು ಎತ್ತಿ ಹಿಡಿದರು. ಒಂದು ಹನಿಯೂ ನೆಲಕ್ಕೆ ಬೀಳಲಿಲ್ಲ.

ಏರು ಹತ್ತುವಾಗ ಮೂತಿಯ ಗುಳುಗುಳು ಕೇಳಿಸಿದಾಗಲೆಲ್ಲ ಅತ್ತೆ ನನ್ನ ಕೈಯನ್ನು ಮತ್ತೆ ಹಿಡಿದು ಒತ್ತುತ್ತಿದ್ದರು. ಕೋಟೆಯ ಗೋಡೆ ಪಕ್ಕಕ್ಕೆ ಬಂತು, ಪೇಟೆ ಹಿಂದಾಯಿತು. ಹಬೆ ಬಿಡುತ್ತ ಬಿಡುತ್ತಲೇ ಮೋಟಾರು ನೌಬಾದದ ನಮ್ಮ ಅಂಗಳ ಹೊಕ್ಕು, ಡ್ರೈವರ ನಿಲ್ಲಿಸುವ ಮೊದಲೇ ತಾನಾಗಿ ನಿಂತಿತು. ದೀಪ ಹಚ್ಚುವ ಹೊತ್ತು.

ಅವ್ವ ಪಡಸಾಲೆಯಲ್ಲಿ ಚಾಪೆಯ ಮೇಲಿದ್ದಳು. ಹಣೆಗೆ ವಿಭೂತಿ ಹಚ್ಚಿದ್ದರು. ಕಣ್ಣು ಬಾಗಿಲ ಮೇಲೇ ಇತ್ತು. ನಾನು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅಣ್ಣ ಬಿಂದಿಗೆಯಿಂದ ತಂಬಿಗೆ ತುಂಬಿ ಕೊಟ್ಟ. ಅವಳ ತುಟಿಗೆ ಹಿಡಿದೆ. ಅವಳು ನುಂಗಲಿಲ್ಲ, ನನ್ನ ಮುಖವನ್ನೇ ನೋಡಿದಳು. ತುಟಿ ಅಲುಗಿತು, ಕಿವಿ ಹತ್ತಿರ ತಂದೆ.

"ಬಾಯಿ ಒಣಗ್ಯಾದಲ್ಲ. ನೀ ಕುಡಿ ಮೊದ್ಲ."

ಔರಾದ ಬಿಟ್ಟಾಗಿನಿಂದ ನಾನು ನೀರು ಮುಟ್ಟಿರಲಿಲ್ಲ. ಕುಡಿದೆ. ಅವಳು ನೋಡುತ್ತಿರುವಂತೆಯೇ ಕುಡಿದೆ. ಆಮೇಲೆ ಅವಳ ಬಾಯಿಗೆ ಬಿಟ್ಟೆ, ಅವಳು ನುಂಗಿದಳು. ಮರುದಿನ ಬೆಳಗಾಗುವ ಹೊತ್ತಿಗೆ ಹೋದಳು.

ಕರ್ಮಾದಿಗಳು ಮುಗಿದು ಭಾಲ್ಕಿಗೆ ಬಂದ ಮೇಲೆ, ಅತ್ತೆ ತಾವೇ ಹುಣಸೆಹುಳಿ ನೆನೆಸಿ ಡ್ರೈವರನ ಕೈಗೆ ಕೊಟ್ಟರು, ಹಂಡೆ ತೊಳೆದ ಹಾಗೆ ಟಾಕಿಯನ್ನು ತೊಳೆಯಲಿ ಎಂದು. ಮಾವ ನಸುಕಿನಲ್ಲಿ ಅಭ್ಯಾಸಬಲದಿಂದ ಕೊಡ ಹಿಡಿದು ಕೊಟ್ಟಿಗೆಯ ಬಾಗಿಲವರೆಗೆ ಹೋಗುವುದು, ಅಲ್ಲಿ ನಿಲ್ಲುವುದು, ಹಾಗೇ ತಿರುಗಿ ಬರುವುದು ನನಗೆ ಅಡಿಗೆಮನೆಯಿಂದ ಕಾಣುತ್ತಿತ್ತು. ನಾನು ಕೊಟ್ಟಿಗೆಯ ಕಡೆ ಹಾಯಲಿಲ್ಲ. ಬಟ್ಟೆ ಕಟ್ಟುವವಳೇ ಇರಲಿಲ್ಲ. ಸವಳು ನೀರನ್ನು ಮೂಗು ಹಿಡಿದು ಕುಡಿಯುವುದನ್ನು ಕಲಿಯುತ್ತಿದ್ದೆ.

ಪೇಟೆಯ ದಿನ ಮಾವ ಬೀದರಿಗೆ ಹೋಗಿ ಸಂಜೆ ಬಂದರು. ನಾನು ಒಲೆಯ ಮುಂದಿದ್ದೆ, ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಅಡಿಗೆಮನೆಯ ಹೊಸ್ತಿಲಿಗೆ ಗಂಡಸರು ಬರುವ ರೂಢಿ ಇರಲಿಲ್ಲ. ಮಾವ ಬಂದರು. ಹೆಗಲ ಮೇಲಿನ ಡಬ್ಬಿಯನ್ನು ಹೊಸ್ತಿಲ ಒಳಗೆ ಇಳಿಸಿದರು. ಅದರ ಬಾಯಿಗೆ ಅವರದೇ ಧೋತರದಿಂದ ಹರಿದ ಬಟ್ಟೆ ಕಟ್ಟಿತ್ತು, ಮೂಟೆ ಕಟ್ಟುವ ವ್ಯಾಪಾರಿಯ ಗಂಟು.

"ಇದು ಗಾಡಿದಲ್ಲ," ಅಂದರು. ಈ ಸಲ ಗೋಡೆಗೆ ಹೇಳಲಿಲ್ಲ, ನನಗೇ ಹೇಳಿದರು. ಹೇಳಿ ಹೊರಟುಹೋದರು.

ಗಂಟನ್ನು ಎಳೆದೆ. ಬರಲಿಲ್ಲ. ಮತ್ತೆ ಎಳೆದೆ, ಉಗುರು ಹಾಕಿದೆ, ಜಪ್ಪಯ್ಯ ಅಂದರೂ ಅದು ಬಿಚ್ಚಲಿಲ್ಲ. ಡಬ್ಬಿಯನ್ನು ಅಪ್ಪಿಕೊಂಡು ಅಲ್ಲೇ ಕೂತು ಅತ್ತುಬಿಟ್ಟೆ, ಅವ್ವ ಹೋದ ದಿನವೂ ಅಷ್ಟು ಅತ್ತಿರಲಿಲ್ಲ. ನನ್ನ ಅತ್ತೆ ಹಿಟ್ಟಿನ ಕೈ ಒರೆಸಿಕೊಂಡು ಬಂದು, ಹಲ್ಲಿನಿಂದ ಗಂಟು ಬಿಚ್ಚಿ, ಮೊದಲ ತಂಬಿಗೆಯನ್ನು ನನಗೆ ಕೊಟ್ಟರು. ಎರಡನೆಯದನ್ನು ತಾವು ಕುಡಿದು ಬಾಯಿ ಒರೆಸಿಕೊಂಡರು.

"ಸಪ್ಪ ಅದ," ಅಂದರು, ಇನ್ನೊಂದು ತಂಬಿಗೆ ತುಂಬಿಕೊಳ್ಳುತ್ತ.